ಬಿಕ್ಕಳಿಕೆ ಹುಡುಗಿ

ಕಿವಿಯಲ್ಲಿ ಹೆಡ್‌ಫೋನ್ ಇತ್ತು. ಅದಕ್ಕೇ ಹಿಂದೆ ಬಂದವನ ಹೆಜ್ಜೆ ಕೇಳಿಸಲಿಲ್ಲ.

ಕತ್ತಿಗೆ ಕೈ ಬಿದ್ದ ಮೇಲೇ ಗೊತ್ತಾಯಿತು! ಇನ್ನೊಂದು ಕೈ ಹೆಡ್‌ಫೋನಿನ ಒಂದು ಬದಿ ಎತ್ತಿತು.

"ಅಲ್ಲಾಡಿದ್ರೆ ಕತ್ತು ಮುರೀತೀನಿ."

ತೊಲೆ! ಹೆಸರಿಗೆ ತಕ್ಕ ಆಸಾಮಿ. ಬಾಗಿಲಲ್ಲಿ ನಿಂತರೆ ಕೋಣೆಗೆ ಬೆಳಕು ಬರುವುದಿಲ್ಲ. ಊರಿನ ಅರ್ಧ ಮ್ಯೂಸಿಕ್ ಕಂಪನಿಗಳನ್ನು ನುಂಗಿ ಕೂತಿರುವ ದಣಿಯ ಬಲಗೈ ಅವನು. ಆ ಬಲಗೈ ಈಗ ನನ್ನ ಕತ್ತಿನ ಸುತ್ತ ಇತ್ತು.

ಮಧ್ಯಾಹ್ನ ಮೂರು ಗಂಟೆ. ಹಳೇ ರೆಕಾರ್ಡ್ ಅಂಗಡಿಯ ಹಿಂದಿನ ಕೋಣೆ. ಸೊಂಟದೆತ್ತರ ರಟ್ಟಿನ ಪೆಟ್ಟಿಗೆಗಳ ನಡುವೆ ನಾನು ಮಂಡಿಯೂರಿ ಕೂತಿದ್ದೆ. ಎದುರಿಗೆ ಭಾವನ ಪೋರ್ಟಬಲ್ ಟರ್ನ್‌ಟೇಬಲ್. ದಪ್ಪ ಪುಸ್ತಕದಷ್ಟು ಗಾತ್ರ, ಬ್ಯಾಟರಿಯಲ್ಲಿ ಓಡುತ್ತದೆ. ಅದರ ಮೇಲೆ ಒಂದು ಚಿಕ್ಕ ರೆಕಾರ್ಡ್ ತಿರುಗುತ್ತಿತ್ತು. ನಡುವಿನ ಲೇಬಲ್ ಯಾರೋ ಕೆರೆದು ತೆಗೆದಿದ್ದರು. ಹೆಸರಿಲ್ಲ, ಊರಿಲ್ಲ, ಏನೂ ಇಲ್ಲ.

"ಸಿಕ್ತಾ?"

"ಏನು?"

ಕೈ ಬಿಗಿಯಾಯಿತು.

"ಸಿಕ್ತು... ಸಿಕ್ತು! ಬೇಕಾದ್ರೆ ನೀನೇ ಕೇಳು!"

ತೊಲೆ ಬಗ್ಗಿದ. ಪಾಪ, ಸಂಗೀತದ ಆಸೆ. ಹೆಡ್‌ಫೋನ್ ಕಿತ್ತು ಅವನ ಕಿವಿಗೆ ಸಿಕ್ಕಿಸಿದೆ. ವಾಲ್ಯೂಮ್ ಪೂರ್ತಿ ತಿರುಗಿಸಿದೆ!

ಅವನ ಕೂಗಿಗೆ ಎರಡು ಪೆಟ್ಟಿಗೆ ಉರುಳಿದವು. ನಾನು ಹೆಡ್‌ಫೋನ್ ಅವನಿಗೇ ದಾನ ಮಾಡಿ, ರೆಕಾರ್ಡ್ ಅಂಗಿಯೊಳಗೆ ತುರುಕಿ, ಟರ್ನ್‌ಟೇಬಲ್ ಕಂಕುಳಲ್ಲಿ ಇಟ್ಟುಕೊಂಡು ಓಡಿದೆ.

ಕೌಂಟರಿನಲ್ಲಿ ಅಂಗಡಿಯ ಮುದುಕ ಎದ್ದು ನಿಂತ. ಬೆಳಗಿನಿಂದ ನನ್ನನ್ನು ಬೈದು ಬೈದು ಸುಸ್ತಾಗಿದ್ದ.

"ರೀ! ಬಿಟ್ಟಿ ಕೇಳಿದ್ದು ಸಾಲ್ದು ಅಂತ... ಹಿಕ್... ಹೊತ್ಕೊಂಡೇ ಹೋಗ್ತೀರಾ?"

"ವಾಪಸ್ ತರ್ತೀನಿ ಯಜಮಾನ್ರೇ!"

ಈ ಮಾತನ್ನು ಕಳ್ಳರೂ ಹೇಳುತ್ತಾರೆ. ನನಗೆ ಬೇರೆ ಮಾತು ಹೊಳೆಯಲಿಲ್ಲ.

ಕಳೆದವರನ್ನು ಹುಡುಕುವ, ಸಿಕ್ಕಿಬಿದ್ದವರನ್ನು ಬಿಡಿಸುವ ನನ್ನಂಥವನಿಗೆ ರೆಕಾರ್ಡ್ ಅಂಗಡಿಯಲ್ಲೇನು ಕೆಲಸ ಅಂತೀರಾ? ಎಲ್ಲಾ ಭಾವನ ಕೃಪೆ! ಅಕ್ಕನ ಗಂಡ ಹನ್ನೆರಡು ವರ್ಷದಿಂದ ಅಡುಗೆಮನೆ ಪಕ್ಕದ ಉಗ್ರಾಣದಲ್ಲಿ ಕೂತು ಹಾಡು ಮಾಡುತ್ತಾನೆ. ಹಳೇ ರೆಕಾರ್ಡಿನಿಂದ ಎರಡು ಸಾಲು ಕತ್ತರಿಸಿ ಹೊಸ ತಾಳದ ಮೇಲೆ ಅಂಟಿಸುವುದು. ಅವನ ಲೈನಿನಲ್ಲಿ ಅದಕ್ಕೆ ಸ್ಯಾಂಪಲ್ ಎನ್ನುತ್ತಾರೆ. ನನ್ನ ಲೈನಿನಲ್ಲಿ ಬೇರೆ ಹೆಸರಿದೆ.

ಒಂದು ದಿನ ಏಳು ಅಂಗಡಿ ಸುತ್ತಿದ್ದಾನೆ. ಎಲ್ಲೋ ಒಂದು ಕಡೆ ಈ ರೆಕಾರ್ಡ್ ಕೇಳಿದ್ದಾನೆ. ಟರ್ನ್‌ಟೇಬಲ್‌ನಿಂದ ಫೋನಿಗೆ ವೈರ್ ಚುಚ್ಚಿ ಅಲ್ಲೇ ತುಂಬಿಸಿಕೊಂಡಿದ್ದಾನೆ. ಕೊಂಡಿಲ್ಲ! ಯಾವ ಅಂಗಡಿ ಅಂತ ಬರೆದುಕೊಂಡೂ ಇಲ್ಲ!

ಆ ಎರಡು ಸಾಲು ಅಂಟಿಸಿದ ಹಾಡು ಊರಿಗೇ ಹುಚ್ಚು ಹಿಡಿಸಿತು. 'ಬಾ ಅಂದ್ರೆ ಬರಲ್ಲ... ಹೋಗು ಅಂದ್ರೆ ಹೋಗಲ್ಲ...' ಹೆಣ್ಣಿನ ದನಿ. ಸಾಲಿನ ಕೊನೆಗೊಂದು ಸಣ್ಣ ಬಿಕ್ಕಳಿಕೆ. ಆ ಬಿಕ್ಕಳಿಕೆಗೆ ಮದುವೆಯಾದ ಗಂಡಸರೂ ನಿದ್ದೆಗೆಟ್ಟರು.

ಒಂದು ಸಿನಿಮಾ ಕಂಪನಿಗೆ ಆ ಹಾಡು ಬೇಕು. ಷರತ್ತು ಒಂದೇ. ಇವತ್ತು ಸಂಜೆ ಐದರೊಳಗೆ ದನಿಯ ಒಡೆಯರ ಸಹಿ ಯಾರು ತರುತ್ತಾರೋ ಹಾಡು ಅವರದು. ಭಾವ ತಂದರೆ ಭಾವನದು. ದಣಿ ತಂದರೆ ದಣಿಯದು.

ಭಾವನ ಮೇಲೆ ನನಗೇನೂ ಪ್ರೀತಿ ಉಕ್ಕುವುದಿಲ್ಲ. ಆದರೆ ಹನ್ನೆರಡು ವರ್ಷ ಆ ಡಬಡಬ ಸದ್ದು ಸಹಿಸಿ ಸಂಸಾರ ತೂಗಿಸಿದ ಅಕ್ಕ ಫೋನಿನಲ್ಲಿ ಅತ್ತಳು. ಅವಳು ಅತ್ತರೆ ನನ್ನ ಕೈಯಲ್ಲಿ ತಡೆಯಲಾಗುವುದಿಲ್ಲ.

ಓಡಿದೆ... ಹಿಂದೆ ತೊಲೆ!

ಮೊದಲ ತಿರುವಿನಲ್ಲಿ ಗೋಡೆಗೆ ಟರ್ನ್‌ಟೇಬಲ್ ಬಡಿಯಿತು. ಎರಡನೆಯದರಲ್ಲಿ ನಾನೇ ಬಡಿದುಕೊಂಡೆ. ಮೂರನೆಯದರಲ್ಲಿ ಡ್ರೈ ಕ್ಲೀನಿಂಗ್ ಅಂಗಡಿ ಕಂಡಿತು. ನುಗ್ಗಿದೆ.

ಇಸ್ತ್ರಿ ಒತ್ತುತ್ತಿದ್ದ ಹೆಂಗಸು ತಲೆಯೆತ್ತಲಿಲ್ಲ. "ಬಟ್ಟೆ ಕೊಡೋಕಾ, ತಗೊಳ್ಳೋಕಾ?"

"ಬಚ್ಚಿಟ್ಕೊಳ್ಳೋಕೆ."

"ಕೋಟುಗಳ ಹಿಂದೆ ಹೋಗಿ. ಮಡಿಕೆ ಕೆಡಿಸ್ಬೇಡಿ."

ಗಾಜಿನಾಚೆ ತೊಲೆ ಹೆಡ್‌ಫೋನ್ ಕತ್ತಿಗೆ ನೇತುಹಾಕಿಕೊಂಡೇ ಓಡಿಹೋದ. ನಾನು ಉಸಿರು ಬಿಟ್ಟೆ. ಫೋನ್ ಬಡಿದುಕೊಂಡಿತು. ಭಾವ!

"ಕೆಟ್ವಿ ಕಣೋ! ನಾಲ್ಕು ಗಂಟೆಗೆ ದಣಿ ಟೀವಿಯವರನ್ನ ಕರ್ಸಿದಾನಂತೆ. ಹಾಡಿದ ಹುಡುಗಿ ಸಿಕ್ಕಿದಾಳೆ, ತೋರಿಸ್ತೀನಿ ಅಂತಿದಾನೆ!"

"ರೆಕಾರ್ಡ್ ನನ್ನ ಹತ್ರ ಇದೆ ಭಾವ."

"ಅದೇನಾ? ಸರಿಯಾಗಿ ನೋಡಿದ್ಯಾ? ಹಾಕು, ಕೇಳಿಸು!"

ಟರ್ನ್‌ಟೇಬಲ್‌ಗೆ ಅದರದ್ದೇ ಒಂದು ಪುಟ್ಟ ಸ್ಪೀಕರ್ ಇದೆ. ಕೋಟುಗಳ ನಡುವೆ ಕೂತು ಮುಳ್ಳು ಇಟ್ಟೆ. ಫೋನ್ ಹತ್ತಿರ ಹಿಡಿದೆ. ಹುಡುಗಿ ಹಾಡತೊಡಗಿದಳು.

"ಅವಳೇ!" ಭಾವ ಕಿರುಚಿದ. "ಅವಳೇ ಕಣೋ!"

ಆಗ ಬ್ಯಾಟರಿ ಸಾಯತೊಡಗಿತು. ಎರಡು ದಿನದಿಂದ ಭಾವ ಸುತ್ತಿದ ಏಳೂ ಅಂಗಡಿಗಳಲ್ಲಿ ಅದನ್ನು ಓಡಿಸಿದ್ದೆ... ಅದಾದರೂ ಎಷ್ಟು ತಡೆದೀತು? ರೆಕಾರ್ಡ್ ನಿಧಾನವಾಯಿತು. ಹುಡುಗಿಯ ದನಿ ಇಳಿಯಿತು. ಹುಡುಗಿ ಹೆಂಗಸಾದಳು. ಇನ್ನೂ ಇಳಿಯಿತು. ಹೆಂಗಸಿಗೆ ನೆಗಡಿಯಾಯಿತು...

ಆಮೇಲೆ ಹೆಂಗಸು ಗಂಡಸಾದಳು!

'ಹೋಗು ಅಂದ್ರೆ ಹೋಗಲ್ಲ... ಹಿಕ್.'

ಈ ಹಿಕ್ ನಾನು ಬೆಳಗಿನಿಂದ ಕೇಳಿದ್ದೇನೆ. ನನ್ನನ್ನು ಬೈಯುತ್ತಾ, ಪ್ರತಿ ಬೈಗುಳದ ನಡುವೆ!

"ಭಾವ, ಇದನ್ನ ಯಾವ ಸ್ಪೀಡಲ್ಲಿ ಕೇಳಿದ್ರಿ?"

"ಚಿಕ್ಕ ರೆಕಾರ್ಡ್ ಅಂದ್ಮೇಲೆ ನಿಮಿಷಕ್ಕೆ ನಲವತ್ತೈದು ಸುತ್ತೇ ಅಲ್ವೇನೋ? ಲೇಬಲ್ ಬೇರೆ ಇರ್ಲಿಲ್ಲ."

"ಮೂವತ್ಮೂರು ಭಾವ! ಇದು ಮೂವತ್ಮೂರರ ರೆಕಾರ್ಡು! ನಿಮ್ಮ ಹುಡುಗಿಗೆ ಎಪ್ಪತ್ತು ವರ್ಷ, ಮೀಸೆ ಇದೆ!"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಇಡೀ ಊರು ಹಗ್ಗ ಹಿಡಿದು ನಿಂತಿತ್ತು.

ತೊಲೆ ಆ ಬೀದಿ ಬಿಡುವವರೆಗೆ ಕೋಟುಗಳ ಹಿಂದೆಯೇ ಕಾದು, ಅಂಗಡಿಗೆ ಮರಳಿದಾಗ ನಾಲ್ಕೂ ಕಾಲು. ಮುದುಕನ ಪಕ್ಕದಲ್ಲಿ ಅವನ ಹೆಂಡತಿ ಮಧ್ಯಾಹ್ನದ ನಿದ್ದೆ ಮುಗಿಸಿ ಬಂದು ಕೂತಿದ್ದಳು. ರೇಡಿಯೋದಲ್ಲಿ ಅದೇ ಹಾಡು. ಆಕೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು.

ಮುದುಕನನ್ನು ಹಿಂದಿನ ಕೋಣೆಗೆ ಎಳೆದುಕೊಂಡು ಹೋದೆ. ರೆಕಾರ್ಡ್ ಕೈಗಿಟ್ಟೆ. ಅವನ ಮುಖದ ಸಿಟ್ಟೆಲ್ಲ ಇಳಿದುಹೋಯಿತು.

"ಇದು ಇನ್ನೂ... ಹಿಕ್... ಇಲ್ಲಿತ್ತಾ? ಹೆಸರು ಕೆರೆದು ಎಲ್ಲಾ ಒಡೆದು ಹಾಕಿದ್ದೆನಲ್ಲ?"

"ಯಾಕೆ?"

"ನಲವತ್ತು ವರ್ಷದ ಹಿಂದೆ ನೂರು ಮಾಡಿಸ್ದೆ. ಒಂದೂ ಹೋಗ್ಲಿಲ್ಲ. ನನ್ನ ಹೆಂಡ್ತಿ ಕೂಡ ಪೂರ್ತಿ ಕೇಳ್ಲಿಲ್ಲ. ಆಮೇಲಿಂದ ಬೇರೆಯವರ ಹಾಡು ಮಾರ್ಕೊಂಡಿದೀನಿ."

ವಿಷಯ ಹೇಳಿದೆ. ಅವನು ನಂಬಲಿಲ್ಲ. ಅಂಗಡಿಯ ಟರ್ನ್‌ಟೇಬಲ್ ಮೇಲೆ ನಲವತ್ತೈದಕ್ಕೆ ಹಾಕಿ ಎರಡು ಸಾಲು ಕೇಳಿಸಿದೆ. ಕೂತುಬಿಟ್ಟ.

"ಒಂದು ಪದಾನೂ ಕಿವಿಗೆ ಹಾಕ್ಕೊಳ್ಳದೆ ಮೂರು ತಿಂಗಳಿಂದ ಈ ದರಿದ್ರ ಹಾಡು ಆಫ್ ಮಾಡು ಅಂತ ಅವಳ ಹತ್ರ ಜಗಳ ಆಡ್ತಿದೀನಲ್ರೀ!"

"ಸಹಿ ಹಾಕಿ ಯಜಮಾನ್ರೇ. ಐದಕ್ಕೆ ಮುಂಚೆ."

"ಹಾಕ್ತೀನಿ. ಆದ್ರೆ ನನ್ನ ಹೆಸರು ಬರ್ಬೇಕು. ನನ್ನ ದನಿ ನನ್ನ ದನಿಯಾಗೇ ಬರ್ಬೇಕು. ಸರಿಯಾದ ಸ್ಪೀಡಲ್ಲಿ!"

ಫೋನಿನಲ್ಲಿ ಭಾವನಿಗೆ ಹೇಳಿದೆ. "ಹಾಗೆ ಬಂದ್ರೆ ಯಾರು ಕೇಳ್ತಾರೋ!" ಎಂದು ಅವನು ಅಳುವುದೊಂದು ಬಾಕಿ.

ಕೋಣೆಗೆ ಕತ್ತಲು ಕವಿಯಿತು. ಬಾಗಿಲಲ್ಲಿ ತೊಲೆ!

"ಎಲ್ಲಾ ಕೇಳಿಸ್ಕೊಂಡೆ," ಎಂದ. ಮುದುಕನ ಕೈ ಹಿಡಿದ. "ಸಹಿ ನಮಗೆ ಹಾಕು ಯಜಮಾನ. ಬೆರಳು ಹತ್ತೂ ಇರ್ಬೇಕಾ, ಬೇಡ್ವಾ?"

"ನಿನ್ನ ದಣಿಗೆ ಮೊದ್ಲು ಒಂದು ಫೋನ್ ಮಾಡು," ಎಂದೆ ನಾನು. "ಇವರು ಗಂಡಸು ಅಂತ ಹೇಳು."

ಮಾಡಿದ. ಹೇಳಿದ. ಕೇಳಿದ. ಫೋನ್ ನಿಧಾನವಾಗಿ ಜೇಬಿಗೆ ಹೋಯಿತು.

"ಏನಂತೆ?"

"ನಾಲ್ಕಕ್ಕೇ ಟೀವಿಯಲ್ಲಿ ಯಾರೋ ಹುಡುಗೀನ ತೋರಿಸಿಬಿಟ್ರಂತೆ. ಇವಳೇ ಹಾಡಿದ್ದು ಅಂತ... ಬಿಕ್ಕಳಿಸಿಯೂ ತೋರಿಸಿದ್ಲಂತೆ."

ಹುಡುಗಿಯನ್ನು ತೋರಿಸಿದ ಕೈಯಲ್ಲೇ ಈಗ ಮುದುಕನ ಸಹಿ ತೋರಿಸುವುದು ಹೇಗೆ? ಆತುರಗಾರನಿಗೆ ಬುದ್ಧಿ ಮಟ್ಟ! ತೊಲೆ ಕೈ ಬಿಟ್ಟ. ಆದರೆ ಹೋಗಲಿಲ್ಲ.

"ಯಜಮಾನ... ಸರಿಯಾದ ಸ್ಪೀಡಲ್ಲಿ ಒಂದ್ಸಲ ಹಾಕ್ತೀಯಾ?"

ಮುದುಕ ಹಾಕಿದ. ನಲವತ್ತು ವರ್ಷದ ಹಿಂದಿನ ಗಂಡುದನಿ ಕೋಣೆ ತುಂಬಿತು. ಚೆನ್ನಾಗಿತ್ತು ಅನ್ನಲೇ? ಸುಳ್ಳು ಹೇಳುವುದು ನನ್ನ ವೃತ್ತಿ, ಆದರೂ ನಾಲಿಗೆ ಏಳಲಿಲ್ಲ. ತೊಲೆ ಮಾತ್ರ ಕಣ್ಣೊರೆಸಿಕೊಂಡ.

ಹೆಂಡತಿ ಬಾಗಿಲಿಗೆ ಬಂದಳು.

"ರೀ, ಯಾರದು ಈ ಕತ್ತೆರಾಗ? ಗಿರಾಕಿಗಳು ಓಡಿಹೋಗ್ತಾರೆ. ತೆಗೀರಿ ಅದನ್ನ! ಆ ಹುಡುಗಿ ಹಾಡು ಹಾಕಿ. ಎಷ್ಟು ಮುದ್ದಾಗಿ ಬಿಕ್ಕಳಿಸ್ತಾಳೆ ನೋಡಿ... ನೀವೂ ಬಿಕ್ಕಳಿಸ್ತೀರಿ, ಜೀವಮಾನ ಎಲ್ಲಾ!"

ಆಕೆ ಹೋದಳು. ಮುದುಕ ಮುಳ್ಳು ಎತ್ತಿದ. ಆಮೇಲೆ ಕೈ ಚಾಚಿದ.

"ಕಾಗದ ಕೊಡಿ."

"ನಿಮ್ಮ ಹೆಸರು ಬರ್ಬೇಕು ಅಂದ್ರಲ್ಲ?"

"ಬೇಡ. ಯಾರಿಗೂ ಗೊತ್ತಾಗ್ಬಾರ್ದು."

"ನಿಮ್ಮ ಮನೆಯವರಿಗಾದ್ರೂ ಹೇಳಿ ಯಜಮಾನ್ರೇ."

"ನಲವತ್ತು ವರ್ಷದಲ್ಲಿ ಮೊದಲ್ನೇ ಸಲ ನನ್ನ ಹಾಡು ಅವಳಿಗೆ ಹಿಡಿಸಿದೆ. ಹೇಳಿ ಕೆಡಿಸ್ಕೊಳ್ಳಾ?"

ಅವನು ಕಾಗದದ ಕೆಳಗೆ ತನ್ನ ಕೈಯಾರೆ ಒಂದು ಸಾಲು ಸೇರಿಸಿದ. ದನಿ ಯಾರದೆಂದು ಭಾವ ಯಾರಿಗೂ ಬಾಯಿ ಬಿಡಕೂಡದು, ತಾನು ಕಟ್ಟಿಕೊಂಡ ಹೆಂಡತಿಗೂ! ಬಿಟ್ಟರೆ ಹಾಡು ವಾಪಸ್. ಸಹಿ ಬಿತ್ತು. ಐದಕ್ಕೆ ಮೂರು ನಿಮಿಷ ಇರುವಾಗ ಕಾಗದ, ರೆಕಾರ್ಡ್ ಎರಡೂ ಕಂಪನಿಯ ವಕೀಲರ ಮೇಜಿನ ಮೇಲಿದ್ದವು. ಅವರು ಎರಡು ಸ್ಪೀಡಲ್ಲೂ ಕೇಳಿದರು. ಹಾಡು ಭಾವನದಾಯಿತು.

ಮೂರು ದಿನ ನೆಮ್ಮದಿ. ನಾಲ್ಕನೆಯ ದಿನ ಅಕ್ಕನ ಫೋನ್.

"ನಿಮ್ಮ ಭಾವ ನನ್ನ ಹತ್ರ ಏನೋ ಮುಚ್ಚಿಡ್ತಿದಾರೆ ಕಣೋ. ಆ ಹುಡುಗಿ ಯಾರು ಅಂದ್ರೆ ಬಾಯೇ ಬಿಡಲ್ಲ. ಬೆವರ್ತಾರೆ! ನೀನು ಅವರ ಹಿಂದೆ ಬಿದ್ದು ಅವಳು ಎಲ್ಲಿದಾಳೆ ಪತ್ತೆ ಮಾಡು. ಅಲ್ಲಿವರೆಗೂ ದಿನಾ ಇಲ್ಲೇ ಊಟಕ್ಕೆ ಬಾ."

ಅಕ್ಕನ ಮಾತು ಮೀರುವ ಹಾಗಿಲ್ಲ. ಕೇಸ್ ಕೈಗೆತ್ತಿಕೊಂಡಿದ್ದೇನೆ. ಹುಡುಗಿಯ ಸುಳಿವು ಇನ್ನೂ ಸಿಕ್ಕಿಲ್ಲ... ಊಟ ಮಾತ್ರ ಬಹಳ ಚೆನ್ನಾಗಿದೆ!