ರುದ್ರೇಶ್ ಹೇಳಿದ ಸಂಖ್ಯೆ

“ಇದನ್ನ ಮರಳಿನ ಚೀಲ ಅಂತ ತಿಳ್ಕೋಬ್ಯಾಡ್ರಿ. ಗಾಯ ಆಗಿರೋ ನಿಮ್ಮ ಜೊತೆಗಾರ ಅಂತ ತಿಳ್ಕೊಳ್ರಿ. ಮಧ್ಯಾಹ್ನ ಒಂದು ಗಂಟೆಯೊಳಗ ವಾಪಸ್ ಗೇಟಿಗೆ ತಂದು ಮುಟ್ಟಿಸ್ರಿ,” ಎಂದರು ಸುಬೇದಾರ್ ಈಶಪ್ಪ.

ಬೆಳಿಗ್ಗೆ ಆರೂವರೆ. ಚಂದಾಪುರದಾಚೆ, ಕಾರ್ಖಾನೆಗಳ ಕಾಂಪೌಂಡು ಮುಗಿಯುವಲ್ಲಿದ್ದ ಆ ಸೇನಾ ಕೆಡೆಟ್ ಶಾಲೆಯ ಗೇಟಿನಲ್ಲಿ ಆರು ತಂಡಗಳು ಸಾಲಾಗಿ ನಿಂತಿದ್ದವು. ಪ್ರತಿ ತಂಡಕ್ಕೆ ನಾಲ್ಕು ಜನ, ಒಂದು ಸ್ಟ್ರೆಚರ್, ಅದರ ಮೇಲೆ ಅರವತ್ತು ಕಿಲೋದ ಒಂದು ಚೀಲ. ಕೆರೆ ದಂಡೆ ಹಿಡಿದು, ನೀಲಗಿರಿ ತೋಪು ದಾಟಿ, ಪಾಳುಬಿದ್ದ ಕಲ್ಲು ಕ್ವಾರಿಯ ಅಂಚಿನಲ್ಲಿ ನಡೆದು, ಬೋಳುಗುಡ್ಡದ ನೆತ್ತಿಯ ಬಾವುಟ ಮುಟ್ಟಿ ಬರಬೇಕು. ಒಟ್ಟು ಹನ್ನೆರಡು ಕಿಲೋಮೀಟರ್. ತಿಂಗಳು ಏಪ್ರಿಲ್. ಕೆಡೆಟ್‌ಗಳು ಆ ಚೀಲಕ್ಕೆ ‘ಮಾವ’ ಎಂದು ಹೆಸರಿಟ್ಟಿದ್ದರು. ತಿಂದು ಮಲಗುವುದು ಬಿಟ್ಟು ಬೇರೇನೂ ಮಾಡದವನಿಗೆ ಇನ್ನೇನು ಹೆಸರಿಡುತ್ತಾರೆ?

ಹೊರಡುವ ಮೊದಲು ಶ್ಯಾಮಲಾ ಮೇಡಂ ಪ್ರತಿ ತಂಡದ ನಾಯಕರಿಗೆ ಒಂದೊಂದು ಹಳದಿ ಕಾರ್ಡು ಕೊಟ್ಟರು. ಒತ್ತಡವನ್ನು ಎದುರಿಸುವುದು ಹೇಗೆಂದು ಕಲಿಸಲು ಶಾಲೆಗೆ ಬಂದಿದ್ದ ಮನಶ್ಶಾಸ್ತ್ರಜ್ಞೆ ಅವರು. ಅವರ ಪಾಠ ಸುಲಭ. ನಾಲ್ಕೆಣಿಸಿ ಉಸಿರು ಎಳೆದುಕೋ, ನಾಲ್ಕೆಣಿಸಿ ಹಿಡಿ, ನಾಲ್ಕೆಣಿಸಿ ಬಿಡು. ಆಮೇಲೆ ನಿನ್ನ ಸಂಖ್ಯೆ ಹೇಳು. ಒಂದು ಅಂದರೆ ಆರಾಮ, ಹತ್ತು ಅಂದರೆ ಇನ್ನು ಆಗುವುದಿಲ್ಲ. ದಾರಿಯ ಪ್ರತಿ ಬಾವುಟದ ಬಳಿ ನಾಯಕ ಎಲ್ಲರನ್ನೂ ಕೇಳಿ ಬರೆದುಕೊಳ್ಳಬೇಕು. ಯಾರದ್ದೇ ಆಗಲಿ ಏಳು ದಾಟಿದರೆ ಇಡೀ ತಂಡ ನೆರಳಲ್ಲಿ ಹತ್ತು ನಿಮಿಷ ಕೂರಬೇಕು.

ಪಾಠ ಸುಲಭವಿತ್ತು, ಆದರೆ ಅದನ್ನು ಪಾಲಿಸುವವರಿಗೆ ಹತ್ತೊಂಬತ್ತು ವರ್ಷ. ಎಲ್ಲ ಕಾರ್ಡುಗಳಲ್ಲೂ ಎಲ್ಲರೂ ಸದಾ ಎರಡು, ಮೂರು. ಇಡೀ ಶಾಲೆಯಲ್ಲಿ ನಿಜ ಹೇಳಿದವಳು ಒಬ್ಬಳೇ. ಮೊದಲ ತಂಡದ ನಾಯಕಿ ಭುವನೇಶ್ವರಿ. ಕೊಪ್ಪಳದ ಕಡೆಯಿಂದ ಬಂದು ಚಂದಾಪುರದಲ್ಲಿ ಗಾರೆ ಕೆಲಸ ಮಾಡುವ ಕೊಟ್ರಪ್ಪನ ಮಗಳು. ಹೋದ ತಿಂಗಳು ಹಗ್ಗದ ಸೇತುವೆಯ ಮುಂದೆ ಅವಳು “ಎಂಟು” ಎಂದಿದ್ದಳು. ತಂಡ ಹತ್ತು ನಿಮಿಷ ಕೂತಿತು, ಕೊನೆಯ ಸ್ಥಾನಕ್ಕೆ ಹೋಯಿತು. ಅವತ್ತಿನಿಂದ ಮೆಸ್ಸಿನಲ್ಲಿ ಅವಳು ತಟ್ಟೆ ಹಿಡಿದು ನಿಂತರೆ ಸಾಕು, ಹಿಂದಿನಿಂದ ಯಾರಾದರೂ “ಎಂಟು ಮೇಡಂಗೆ ಜಾಗ ಬಿಡ್ರಪ್ಪಾ” ಅನ್ನುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ಅರ್ಧ ಊಟ ಬಿಟ್ಟು ಕೋಣೆಗೆ ಹೋಗಿಬಿಡುತ್ತಿದ್ದಳು.

ಇವತ್ತು ಮೊದಲು ಬಂದು ಆ ಹೆಸರನ್ನು ಅಳಿಸಿಹಾಕಬೇಕು. ಬೇರೆ ಯೋಚನೆಯೇ ಅವಳ ತಲೆಯಲ್ಲಿ ಇರಲಿಲ್ಲ.

ತಂಡ ಓಡುನಡಿಗೆಯಲ್ಲಿ ಹೊರಟಿತು. ಮುಂದಿನ ಎರಡು ಹಿಡಿಗಳಲ್ಲಿ ರುದ್ರೇಶ್ ಮತ್ತು ದೀಪು, ಹಿಂದೆ ಭುವನೇಶ್ವರಿ ಮತ್ತು ಯಮುನಾ. ರುದ್ರೇಶ್ ಪೀಣ್ಯದ ಹುಡುಗ. ಅಪ್ಪ ಲೇತ್ ಮಿಷನ್ ಮುಂದೆ ನಿಲ್ಲುವವನು, ಮಗ ಅದೇ ಮಿಷನ್ನಿನ ಹಾಗೆ ಗಟ್ಟಿ, ಮಾತು ಕಡಿಮೆ. ದೀಪು ಸರ್ಜಾಪುರದ ರೈತರ ಮನೆಯವನು, ಮಾತು ನಿಲ್ಲಿಸಿದರೆ ಉಸಿರೇ ನಿಲ್ಲುತ್ತದೆ ಅನ್ನುವಂಥವನು.

“ಮಾವ ರಾತ್ರಿ ಜಾಸ್ತಿ ಉಂಡವ್ನೆ ಕಣ್ರೋ. ಭಾರ ಆಗವ್ನೆ!”

“ಬಾಯಿ ಮುಚ್ಕೊಂಡು ನಡಿ,” ಎಂದಳು ಯಮುನಾ.

ಕೆರೆಯ ಕೋಡಿಯಲ್ಲಿ ನೊರೆ ಮಂಚದೆತ್ತರ ಎದ್ದು ದಾರಿಯ ಮೇಲೆ ಹಾರಾಡುತ್ತಿತ್ತು. ಒಂದು ಪಕ್ಕ ಕಾರ್ಖಾನೆಗಳ ಶೀಟಿನ ಮಾಡು, ಇನ್ನೊಂದು ಪಕ್ಕ ಜೊಂಡಿನ ನಡುವೆ ಕೊಕ್ಕರೆಗಳು. ಕೆರೆಯಾಚೆ ನೀಲಗಿರಿ ತೋಪು ಶುರುವಾಗುತ್ತದೆ. ಕಾಲಿಟ್ಟಲ್ಲೆಲ್ಲ ಒಣ ತೊಗಟೆ ಚಟಪಟ ಎನ್ನುತ್ತದೆ. ತೋಪು ಮುಗಿದರೆ ನೆಲವೇ ಬಂಡೆ. ಬಿಸಿಲು ಮೇಲಿನಿಂದಲೂ ಬರುತ್ತದೆ, ಕೆಳಗಿನಿಂದಲೂ ಬರುತ್ತದೆ. ದೂರದಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು ಮಿಂಚುತ್ತಿದ್ದವು. ಅಲ್ಲಿ ಈಗ ಜನ ಎಸಿಯಲ್ಲಿ ಕೂತು ಕಾಫಿ ಕುಡಿಯುತ್ತಿರಬಹುದು ಎಂದು ದೀಪು ಹೇಳಿದ.

ಬಂಡೆಯ ಮೇಲೆ ಎರಡನೇ ಬಾವುಟ. ಗಂಟೆ ಹತ್ತಾಗಿತ್ತು. ಹಿಂದಿನ ತಂಡ ಇನ್ನೂ ತೋಪಿನೊಳಗೇ ಇತ್ತು. ಭುವನೇಶ್ವರಿ ಕಾರ್ಡು ತೆಗೆದಳು.

“ಎರಡು,” ಎಂದ ದೀಪು. “ಮೂರು,” ಎಂದಳು ಯಮುನಾ.

ರುದ್ರೇಶ್ ಅವಳ ಹತ್ತಿರ ಬಂದು, ಉಳಿದವರಿಗೆ ಕೇಳದ ಹಾಗೆ ಹೇಳಿದ. “ಎಂಟು. ನಿನ್ನೆಯಿಂದ ಜ್ವರ ಕಣೆ ಭುವನಾ. ಯಾರಿಗೂ ಹೇಳಿಲ್ಲ. ತಲೆ ತಿರುಗ್ತಿದೆ.”

ಭುವನೇಶ್ವರಿ ತೋಪಿನ ಕಡೆ ನೋಡಿದಳು. ಹಿಂದಿನ ತಂಡದ ಟೋಪಿಗಳು ಮರಗಳ ನಡುವೆ ಕಾಣಿಸಿದವು.

“ಗುಡ್ಡದ ಮೇಲೆ ಕೂರೋಣ ಮಗಾ. ಇನ್ನರ್ಧ ಗಂಟೆ. ಆಗುತ್ತೆ ಅಲ್ವಾ?”

ಅವನು ಅವಳ ಮುಖ ನೋಡಿದ. ಮೆಲ್ಲಗೆ ತಲೆಯಾಡಿಸಿದ. ಅವಳು ರುದ್ರೇಶ್ ಎಂಬ ಹೆಸರಿನ ಮುಂದೆ ‘ಮೂರು’ ಎಂದು ಬರೆದಳು. ಬರೆಯುವಾಗ ಕೈ ನಡುಗಲಿಲ್ಲ. ಆಮೇಲೆ ಎಷ್ಟೋ ದಿನ ಅವಳನ್ನು ಹೆಚ್ಚು ಚುಚ್ಚಿದ್ದು ಇದೇ.

ಬಾವುಟದ ಬಳಿ ಆಡು ಮೇಯಿಸುತ್ತಿದ್ದ ವಯಸ್ಸಾದ ಹೆಂಗಸೊಬ್ಬಳು ಇದನ್ನೆಲ್ಲ ನೋಡುತ್ತಾ ನಿಂತಿದ್ದಳು. “ಯಾಕವ್ವಾ, ಆ ಉಡುಗ ಓಲಾಡ್ತಾವ್ನಲ್ಲ?” ಎಂದಳು.

“ಏನಿಲ್ಲ ಅಜ್ಜಿ,” ಎಂದು ಭುವನೇಶ್ವರಿ ಮುಂದೆ ನಡೆದಳು.

ಕ್ವಾರಿ ಎದುರಾಯಿತು. ಗುಡ್ಡದ ಅರ್ಧ ಭಾಗವನ್ನು ಯಾರೋ ಕತ್ತರಿಸಿಕೊಂಡು ಹೋದಂತಿತ್ತು. ನಲವತ್ತು ಅಡಿ ಕೆಳಗೆ ಹಸಿರು ನೀರು, ಅಲುಗಾಟವಿಲ್ಲ. ಕಡಿದ ಗೋಡೆಯ ಮೇಲೆ ಮೂರಡಿ ಅಗಲದ ದಾರಿ. ಪಕ್ಕದ ಬಂಡೆಗೆ ಗೂಟ ಹೊಡೆದು ಈಶಪ್ಪ ಹಿಂದಿನ ದಿನವೇ ಹಗ್ಗ ಕಟ್ಟಿಸಿದ್ದರು. ಸೊಂಟದ ಕೊಕ್ಕೆಯನ್ನು ಆ ಹಗ್ಗಕ್ಕೆ ಸಿಕ್ಕಿಸಿಕೊಂಡು ದಾಟಬೇಕು. ಇಲ್ಲಿ ಸ್ಟ್ರೆಚರನ್ನು ಇಬ್ಬರೇ ಹೊರಲು ಸಾಧ್ಯ. ಯಮುನಾ, ದೀಪು ಮೊದಲು ದಾಟಿದರು. ರುದ್ರೇಶ್ ಮುಂದಿನ ಹಿಡಿ ಹಿಡಿದ. ಹಿಂದೆ ಭುವನೇಶ್ವರಿ.

ಹತ್ತು ಹೆಜ್ಜೆ ನಡೆದ ಮೇಲೆ ಅವಳ ಕಣ್ಣು ಅವನ ಕುತ್ತಿಗೆಯ ಮೇಲೆ ಬಿತ್ತು. ಕೆಂಪಾಗಿತ್ತು. ಒಂದು ಹನಿ ಬೆವರಿರಲಿಲ್ಲ. ಬಿಸಿಲಿನಲ್ಲಿ ಬೆವರು ನಿಂತರೆ ಅಪಾಯ ಎಂದು ಶ್ಯಾಮಲಾ ಮೇಡಂ ಹೇಳಿದ್ದು ಅವಳಿಗೆ ನೆನಪಿತ್ತು. ಆದರೂ ಅವಳು ಇನ್ನೂ ಐದು ಹೆಜ್ಜೆ ನಡೆದಳು.

“ಅಪ್ಪಾ, ಮಿಷನ್ ಆಫ್ ಮಾಡು,” ಎಂದ ರುದ್ರೇಶ್.

“ಏನಂದೆ?”

ಅವನ ಮೊಣಕಾಲು ಮಡಚಿತು. ಸ್ಟ್ರೆಚರ್ ವಾಲಿತು. ಕಟ್ಟಿದ್ದ ಪಟ್ಟಿ ಜಾರಿ ಚೀಲ ಅಂಚಿನಿಂದ ಉರುಳಿತು. ಅದರ ಹಿಂದೆಯೇ ರುದ್ರೇಶ್.

ಕೆಳಗೆ ನೀರು ಧಡಾರೆಂದಿತು. ಚೀಲ ಮಾತ್ರ ಬಿದ್ದಿತ್ತು. ರುದ್ರೇಶ್ ಸೊಂಟದ ಕೊಕ್ಕೆಯಿಂದ ನೇತಾಡುತ್ತಿದ್ದ. ತಲೆ ಕೆಳಗೆ, ಕೈಗಳು ಜೋತು.

ಒಂದು ಗೂಟ ಕಿತ್ತು ಬಂತು. ಹಗ್ಗ ಎರಡಡಿ ಜಗ್ಗಿತು.

“ದೀಪೂ!”

ಅವಳು ಬಂಡೆಗೆ ಎದೆಯೊತ್ತಿ ಮಲಗಿ ಅವನ ಬೆಲ್ಟು ಹಿಡಿದಳು. ದೀಪು ತೆವಳಿಕೊಂಡು ಬಂದ. ಯಮುನಾ ದೀಪುವಿನ ಕಾಲು ಹಿಡಿದು ಕೂತಳು.

“ನಾಲ್ಕೆಣಿಸು!” ಎಂದಳು ಯಮುನಾ. “ಒಂದು, ಎರಡು, ಮೂರು, ಎಳೀ!”

ಎರಡನೇ ಗೂಟವೂ ಕಿತ್ತು ಬಂತು. ಅಷ್ಟರಲ್ಲಿ ಅವನ ಎದೆ ದಾರಿಯ ಮೇಲಿತ್ತು. ಇನ್ನೊಮ್ಮೆ ಎಳೆದರು. ಕಾಲುಗಳೂ ಬಂದವು.

ಮೈ ಮುಟ್ಟಿದರೆ ಸುಡುತ್ತಿತ್ತು. ಮೂವರೂ ಅವನನ್ನು ಖಾಲಿ ಸ್ಟ್ರೆಚರಿಗೆ ಹಾಕಿ, ಎಳೆದು, ತಳ್ಳಿ, ಕ್ವಾರಿಯ ಆಚೆ ಬದಿಯ ಒಂದು ಹೊಂಗೆ ಮರದ ಕೆಳಗೆ ತಂದರು. ಹಗ್ಗ ಕಿತ್ತುಬಂದಿದ್ದರಿಂದ ಹಿಂದಿನ ತಂಡ ದಾಟಿ ಬರುವಂತಿರಲಿಲ್ಲ. ಬಾಟಲಿಗಳಲ್ಲಿ ಉಳಿದದ್ದು ಎರಡು ಗುಟುಕು ನೀರು, ತಂಡದ ಕ್ಯಾನ್ ಖಾಲಿ.

ಆಗ ಬಂಡೆಯ ಮತ್ತೊಂದು ಪಕ್ಕದ, ತನಗಷ್ಟೇ ಗೊತ್ತಿದ್ದ ಆಡುದಾರಿ ಹಿಡಿದು ಆಡಿನ ಹೆಂಗಸು ಏದುಸಿರು ಬಿಡುತ್ತಾ ಬಂದಳು. ಅವಳ ಹೆಸರು ಪಿಳ್ಳಮ್ಮ.

“ಆ ಕ್ಯಾನ್ ಕೊಡಿಲ್ಲಿ. ನೀರಿಗೆ ದಾರಿ ನಂಗೊತ್ತು. ಇದೇ ಕ್ವಾರೀಲಿ ಇಪ್ಪತ್ ವರ್ಸ ಜಲ್ಲಿ ಒತ್ತಿವ್ನಿ.”

ಅವಳು ಕಲ್ಲಿನ ಮೆಟ್ಟಿಲಿಳಿದು ನೀರು ತಂದಳು. ರುದ್ರೇಶನ ಬೂಟು ಬಿಚ್ಚಿದರು, ಅಂಗಿ ಬಿಚ್ಚಿದರು, ತಲೆ, ಕಂಕುಳು, ತೊಡೆಗಳಿಗೆ ನೀರು ಸುರಿದರು. ಪಿಳ್ಳಮ್ಮ ತಲೆಗೆ ಕಟ್ಟಿದ್ದ ಟವೆಲು ಬಿಚ್ಚಿ ಒದ್ದೆ ಮಾಡಿ ಗಾಳಿ ಬೀಸತೊಡಗಿದಳು.

“ನಾನು ಆಗ್ಲೇ ಕೇಳ್ದೆ. ನಿಮ್ಗೆ ಕಾಣಿಸ್ನಿಲ್ವಾ?”

ಭುವನೇಶ್ವರಿ ಬಗ್ಗಿ ಮತ್ತೊಂದು ಬೊಗಸೆ ನೀರು ಸುರಿದಳು. ಕಾಣಿಸಿತ್ತು. ಅದೇ ನಾಚಿಕೆಗೇಡು.

ಇಲ್ಲಿ ತಂಡದ ವಾಕಿಟಾಕಿಗೆ ಸಿಗ್ನಲ್ ಸಿಕ್ಕಿ, ಯಮುನಾ ನಡೆದದ್ದನ್ನು ಹೇಳಿದಳು. ಶಾಲೆಯ ಡಾಕ್ಟರ ದನಿ ಕೇಳಿಸಿತು. “ಗುಡ್ಡದ ಹಿಂಬದಿ ಪಂಪ್‌ಹೌಸ್‌ವರೆಗೆ ಆಂಬುಲೆನ್ಸ್ ಬರುತ್ತೆ. ಅಲ್ಲಿಗೆ ಹೊತ್ತು ತನ್ನಿ, ದಾರೀಲಿ ನೀರು ಹಾಕ್ತಾನೇ ಇರಿ. ಇವನಿಗೆ ಎಷ್ಟು ಹೊತ್ತಿಂದ ಹೀಗಿದೆ? ಎರಡನೇ ಬಾವುಟದಲ್ಲಿ ಸಂಖ್ಯೆ ಎಷ್ಟಿತ್ತು?”

ಯಮುನಾ ಭುವನೇಶ್ವರಿಯ ಜೇಬಿನಿಂದ ಕಾರ್ಡು ತೆಗೆದು ನೋಡಿದಳು. “ಮೂರು ಡಾಕ್ಟ್ರೇ. ಚೆನ್ನಾಗೇ ಇದ್ದ.”

“ಹಾಗಾದ್ರೆ ಬಿಸಿಲು ಈಗಷ್ಟೇ ತಾಗಿರ್ಬೇಕು,” ಎಂದರು ಡಾಕ್ಟರು.

ಆರೂ ತಂಡಗಳ ವಾಕಿಟಾಕಿ ಸೆಟ್ಟುಗಳು ಒಂದೇ ಚಾನೆಲ್ಲಿನಲ್ಲಿದ್ದವು. ಇಲ್ಲಿ ಆಡಿದ ಮಾತು ಎಲ್ಲರಿಗೂ ಕೇಳುತ್ತದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ರುದ್ರೇಶ್ ಹೇಳುವವನಲ್ಲ. ಇಷ್ಟೂ ಅವಳ ತಲೆಯಲ್ಲಿ ಹಾದುಹೋಯಿತು. ಹಾದುಹೋಯಿತಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಅವಳು ಸೆಟ್ ಕಸಿದುಕೊಂಡಳು.

“ಮೂರಲ್ಲ ಡಾಕ್ಟ್ರೇ, ಎಂಟು. ಒಂದು ಗಂಟೆ ಹಿಂದೆನೇ ಹೇಳ್ದ. ನಿನ್ನೆಯಿಂದ ಜ್ವರ ಇದೆ ಅಂತಾನೂ ಹೇಳ್ದ. ಮೂರು ಅಂತ ಬರೆದಿದ್ದು ನಾನು. ಮೊದ್ಲು ಬರ್ಬೇಕು ಅಂತ.”



“ಸರಿ. ಐಸ್, ಡ್ರಿಪ್ ಎರಡೂ ತರ್ತೀನಿ. ಬೇಗ ಇಳೀರಿ,” ಎಂದರು ಡಾಕ್ಟರು. ದನಿ ಬದಲಾಗಿತ್ತು.

ಸ್ಟ್ರೆಚರಿಗೆ ನಾಲ್ಕು ಮೂಲೆ, ಹೊರುವವರು ಮೂವರು. ಪಿಳ್ಳಮ್ಮ ಸೆರಗು ಸಿಕ್ಕಿಸಿ ನಾಲ್ಕನೇ ಹಿಡಿಗೆ ಭುಜ ಕೊಟ್ಟಳು.

“ಅಜ್ಜಿ, ಎಂಬತ್ತು ಕಿಲೋ ಅವ್ನೆ!” ಎಂದ ದೀಪು.

“ಕಲ್ಲಿಗಿಂತ ಅಗುರ. ನಡಿ.”

ಇಳಿಜಾರು ಉದ್ದಕ್ಕೂ ಸಡಿಲ ಜಲ್ಲಿ. ಹೆಜ್ಜೆಯಿಟ್ಟರೆ ಜಾರುತ್ತದೆ, ನಿಂತರೂ ಜಾರುತ್ತದೆ. “ಅಡ್ಡಡ್ಡ ಕಾಲಿಡ್ರಿ, ಮುಂಗಾಲ್ ಮೇಲೆ ಬೀಳ್ಬೇಡಿ,” ಎಂದು ಪಿಳ್ಳಮ್ಮ ಕಲಿಸುತ್ತಾ ಹೋದಳು. ಲಂಟಾನದ ಮುಳ್ಳು ಯಮುನಾಳ ತೋಳು ಗೀರಿತು. ದೀಪು ಎರಡು ಸಲ ಮಂಡಿಯೂರಿದ, ಹಿಡಿ ಮಾತ್ರ ಬಿಡಲಿಲ್ಲ, ಮಾತು ಬಿಟ್ಟಿದ್ದ. ಪ್ರತಿ ನೂರು ಹೆಜ್ಜೆಗೆ ನಿಂತು ರುದ್ರೇಶನ ಮೈಮೇಲೆ ನೀರು ಸುರಿದರು. ಭುವನೇಶ್ವರಿಯ ಅಂಗೈ ಸುಲಿದು ಹಿಡಿಯೆಲ್ಲ ಅಂಟಾಯಿತು. ಕೈ ಬದಲಿಸೋಣ ಎಂದಳು ಯಮುನಾ. ಇವಳು ಬೇಡ ಎಂದಳು. ನೋವು ಜಾಸ್ತಿಯಾದಷ್ಟೂ ಒಳ್ಳೆಯದು ಅನಿಸುತ್ತಿತ್ತು ಅವಳಿಗೆ.

“ಕೈ ಸುಲುದ್ರೆ ಅವನ್ಗೆ ವಾಸಿ ಆಯ್ತದಾ?” ಎಂದು ಗದರಿಸಿದಳು ಪಿಳ್ಳಮ್ಮ. “ಬದ್ಲಾಯ್ಸು. ಬಿದ್ದೀಯ, ಅವನ್ನೂ ಬೀಳಿಸೀಯ.”

ಭುವನೇಶ್ವರಿ ಬದಲಾಯಿಸಿದಳು.

ಪಂಪ್‌ಹೌಸಿನ ಬಳಿ ಆಂಬುಲೆನ್ಸಿನ ಬಾಗಿಲು ತೆರೆದೇ ಇತ್ತು. ಐಸಿನ ಚೀಲಗಳನ್ನು ಒತ್ತಿದಾಗ ರುದ್ರೇಶ್ ನರಳಿದ. ಆ ನರಳಾಟ ಕೇಳಿ ಯಮುನಾ ಅತ್ತೇಬಿಟ್ಟಳು.

ಅವರು ಗೇಟು ತಲುಪಿದಾಗ ಎರಡು ಗಂಟೆ ದಾಟಿತ್ತು. ಚೀಲವಿಲ್ಲ, ಬಾವುಟ ಮುಟ್ಟಿಲ್ಲ, ಸ್ಥಾನವೂ ಇಲ್ಲ. ಕ್ವಾರಿಯಿಂದಲೇ ಹಿಂದಿರುಗಿದ್ದ ಉಳಿದ ತಂಡಗಳವರು ಎರಡು ಸಾಲಾಗಿ ನಿಂತು ನೋಡಿದರು. ಯಾರೂ ‘ಎಂಟು ಮೇಡಂ’ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು ಅನಿಸಿತು ಅವಳಿಗೆ.

ಈಶಪ್ಪ ಅವಳ ಭುಜದ ಮೇಲಿದ್ದ ನಾಯಕಿಯ ಕೆಂಪು ದಾರ ಬಿಚ್ಚಿದರು. “ಈ ವರ್ಷ ನಿನಗ ಇದು ಇಲ್ಲ. ಸೆಟ್ಟಿನೊಳಗ ಖರೆ ಹೇಳಿದ್ದಕ್ಕ ಶಾಲೆಯೊಳಗ ಇದ್ದೀ. ತಿಳೀತು?”

“ತಿಳೀತು ಸಾರ್.”

ಶ್ಯಾಮಲಾ ಮೇಡಂ ಹಳದಿ ಕಾರ್ಡನ್ನು ಅವಳ ಕೈಗೇ ವಾಪಸ್ ಕೊಟ್ಟರು. ಅವಳು ‘ಮೂರು’ ಎಂಬುದನ್ನು ಹೊಡೆದುಹಾಕಿ ‘ಎಂಟು’ ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದಳು. ಹಿಂದೆ ನಿಂತಿದ್ದ ದೀಪು ಕೆಮ್ಮಿದ. “ಮೇಡಂ, ನಂದೂ ಎರಡಲ್ಲ. ಐದಿತ್ತು,” ಎಂದ. ಅವನ ಕಿವಿ ಕೆಂಪಾಗಿತ್ತು.

ಸಂಜೆ ಐದಕ್ಕೆ ಆರೋಗ್ಯ ಕೊಠಡಿಯ ಬಾಗಿಲಲ್ಲಿ ಭುವನೇಶ್ವರಿ ಬಹಳ ಹೊತ್ತು ನಿಂತಳು. ರುದ್ರೇಶ್ ಡ್ರಿಪ್ ಹಾಕಿಸಿಕೊಂಡು ಮಲಗಿದ್ದ. ಜೀವಕ್ಕೇನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ್ದರು.

“ಒಳಗೆ ಬಾ,” ಎಂದ ಅವನೇ.

ಅವಳು ಹೋಗಿ ಮಂಚದ ಪಕ್ಕ ನಿಂತಳು.

“ತಪ್ಪಾಯ್ತು ಕಣೋ. ನನ್ನನ್ನ ಎಂಟು ಅಂತ ಆಡ್ಕೊಂಡ್ರೆ ಹೇಗಿರುತ್ತೆ ಅಂತ ನಂಗೊತ್ತಿತ್ತು. ಗೊತ್ತಿದ್ದೂ ನಿನ್ನ ಮಾತು ನುಂಗ್ಬಿಟ್ಟೆ.”

“ಮೆಸ್ಸಲ್ಲಿ ನಾನೂ ನಕ್ಕಿದ್ದೆ,” ಎಂದ ಅವನು ಗೋಡೆಯ ಕಡೆ ನೋಡುತ್ತಾ.

ಹೊರಗೆ ಸಂಜೆಯ ಪರೇಡಿನ ಸೀಟಿ ಕೇಳಿಸಿತು. ಅವಳು ಜೇಬಿನಿಂದ ಕಾರ್ಡು ತೆಗೆದಳು.

“ಈಗ ಎಷ್ಟು?”

“ಎರಡು.”

ಅವಳು ಬರೆಯಲಿಲ್ಲ. ಪೆನ್ನು ಹಿಡಿದು ಕಾದಳು.

“ಸರಿ, ಐದು. ತಲೆ ಇನ್ನೂ ಸಿಡೀತಿದೆ.”

ಅವಳು ಐದು ಎಂದು ಬರೆದಳು.

“ನಿಂದೆಷ್ಟು?” ಎಂದು ಕೇಳಿದ ರುದ್ರೇಶ್.

ಸುಳ್ಳು ಹೇಳುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. “ಒಂಬತ್ತು,” ಎಂದಳು.

ಅವನು ಸೂಜಿ ಚುಚ್ಚದಿದ್ದ ಕೈಯಿಂದ ಪಕ್ಕದ ಸ್ಟೂಲನ್ನು ಅವಳತ್ತ ತಳ್ಳಿದ.

“ಹಂಗಾದ್ರೆ ಹತ್ತು ನಿಮಿಷ ಕೂತ್ಕೋ. ರೂಲ್ಸ್ ಅಲ್ವಾ?”

ಭುವನೇಶ್ವರಿ ಕೂತಳು.