ಬಗ್ಗಿದ ಗಳ

ದೆವ್ವವನ್ನು ನಂಬದಿದ್ದರೆ ಬೇಡ, ಬೀಗವನ್ನಾದರೂ ನಂಬಿ.

ತೊಂಬತ್ತೊಂದರಲ್ಲಿ ಕಾಮಗೆರೆ ಕಡೆಯ ಸಾವ್ಕಾರನೊಬ್ಬನ ಕೋಳಿಮನೆಯಲ್ಲಿ ಆಳಾಗಿದ್ದೆ. ಎಳೆ ಕೋಳಿಗಳು ಬಿದಿರಿನ ಗಳ ಹತ್ತಿ ಮಲಗದೆ, ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತಿದ್ದವು. ಒಂದು ಮುಸ್ಸಂಜೆ ಅವನು ನನ್ನನ್ನು ಒಳಗೆ ನೂಕಿ ಬೀಗ ಹಾಕಿದ.

"ಕೂಸು ಅಸ್ಕಂಡದೆ ಬುದ್ದಿ, ಹಾಲು ಕೊಟ್ಬುಟ್ಟು ಓಡ್ಬತ್ತೀನಿ."

"ಮೊದ್ಲು ಎಲ್ಲಾನೂ ಗಳ ಅತ್ಸು. ನಿನ್ನ ಕೂಸೇನು ಮೊಟ್ಟೆ ಇಕ್ತದಾ? ಬೆಳಗ್ಗೆ ತಗಿತೀನಿ."

ಕತ್ತಲಲ್ಲಿ ಒಂದೊಂದನ್ನೇ ಎತ್ತಿ ಕೂರಿಸಿದೆ. ಗಳದ ನಡುವೆ ಮಾತ್ರ ಯಾವುದೂ ಕೂರಲಿಲ್ಲ. ಇಟ್ಟರೆ ಚೀರಿ ಧುಮುಕುತ್ತಿತ್ತು. ಖಾಲಿಯಿದ್ದ ಆ ಜಾಗದಲ್ಲೇ ಗಳ ಬಗ್ಗಿತ್ತು. ಮುಟ್ಟಿದರೆ ಬೆಚ್ಚಗಿತ್ತು.

ಎದೆ ಸೋರಿ ಕುಪ್ಪಸ ನೆನೆಯಿತು. ಬಾಗಿಲು ಗುದ್ದಿ, "ಕೂಸು ಸತ್ತೋಯ್ತದೆ" ಅಂತ ಗೋಗರೆದೆ. ಬೆನ್ನ ಹಿಂದೆ ಗಳ ಕಿರ್ರೆಂದು ನೆಟ್ಟಗಾಯಿತು. ಕೋಳಿಗಳು ತಾವಾಗಿಯೇ ಸರಿದು ಆ ಜಾಗ ತುಂಬಿದವು.

ಬೆಳಗ್ಗೆ ಬೀಗ ತೆಗೆದೊಡನೆ ಮನೆಗೆ ಓಡಿದೆ. ಕೂಸು ನೆಮ್ಮದಿಯಾಗಿ ಮಲಗಿತ್ತು.

"ಏನಮ್ಮೀ, ರಾತ್ರಿ ಬಂದು ಹಾಲು ಕೊಟ್ಟೋಳು ಒಂದು ಮಾತೂ ಆಡ್ದೆ ಎದ್ದೋದೆ?" ಅಂದಳು ನಮ್ಮತ್ತೆ.

ಕೂಸಿನ ಕೆನ್ನೆಗೆ ಕೋಳಿಪುಕ್ಕ ಅಂಟಿತ್ತು. ನನ್ನೆದೆ ಹಾಲು ಕಟ್ಟಿ ಕಲ್ಲಾಗಿತ್ತು.