ಹಳದಿ ಚುಕ್ಕೆಯಿಲ್ಲದ ನಟ್ಟು

"ಅವರಂತೂ ಹೋದ್ರು, ಅಣ್ಣ. ಈಗ ನನ್ನ ಮೈದುನನನ್ನೂ ಕಿತ್ಕೊಳ್ತಿದಾರೆ. ನೀವು ಏನಾದ್ರೂ ಮಾಡ್ಲೇಬೇಕು."

ಇಷ್ಟು ಹೇಳಿ ಆಕೆ ಅಂಗಡಿಯ ಮೆಟ್ಟಿಲ ಮೇಲೆಯೇ ಕುಸಿದು ಕೂತಳು. ದರ್ಜಿ ಹೊಲಿಗೆಯಂತ್ರ ನಿಲ್ಲಿಸಿ ಸ್ಟೂಲು ತಂದುಕೊಟ್ಟ. ಆ ಅಂಗಡಿ ಇಬ್ಬರದ್ದು: ಬಾಗಿಲ ಎಡಕ್ಕೆ ದರ್ಜಿಯ ಯಂತ್ರ, ಬಲಕ್ಕೆ ಗಾಜಿನ ಪೆಟ್ಟಿಗೆಯ ಹಿಂದೆ ಮುಳ್ಳಣ್ಣನ ಗಡಿಯಾರಗಳು. ಗಡಿಯಾರದ ಮುಳ್ಳು ಸರಿಮಾಡುವುದರಿಂದ ಆ ಹೆಸರು ಬಂತೆಂದು ಗಿರಾಕಿಗಳು ನಂಬಿದ್ದರು. ಅವನ ಮಾತಿನ ರುಚಿ ಉಂಡಿದ್ದ ದರ್ಜಿಗೆ ಬೇರೆ ಕಾರಣ ಗೊತ್ತಿತ್ತು. ಕಳುವಾಗಲಿ, ಅನುಮಾನದ ಸಾವಾಗಲಿ, ಜನ ಠಾಣೆಗೆ ಹೋಗುವ ಮೊದಲು ಈ ಮೆಟ್ಟಿಲು ಹತ್ತುವುದು ರೂಢಿಯಾಗಿತ್ತು. ಹನ್ನೊಂದು ವರ್ಷ ಮುಳ್ಳಣ್ಣನ ಹಿಂದೆ ತಿರುಗಿದ ದರ್ಜಿಗೆ ಅಳುವವರನ್ನು ಕಂಡು ಅಭ್ಯಾಸವಾಗಿತ್ತು. ಆದರೂ ಈಕೆಯ ಮುಖ ನೋಡಲು ಅವನಿಂದಾಗಲಿಲ್ಲ. ಎರಡು ದಿನದ ಹಿಂದೆ ತೀರಿಕೊಂಡ ಕಾರಿನ ಮೇಸ್ತ್ರಿ ಆಕೆಯ ಗಂಡ, ದರ್ಜಿಗೆ ಬಹಳ ಬೇಕಾದವನು.

ವಿಷಯ ಬೀದಿಗೆಲ್ಲ ಗೊತ್ತಿತ್ತು. ಹಲ್ಲಿನ ಡಾಕ್ಟರೊಬ್ಬರ ಐವತ್ತು ವರ್ಷದ ಹಳೆಯ ಕಾರನ್ನು ಮೇಸ್ತ್ರಿ ಮತ್ತು ಅವನ ತಮ್ಮ ಎರಡು ತಿಂಗಳಿಂದ ಬಿಚ್ಚಿ ಜೋಡಿಸುತ್ತಿದ್ದರು. ಮುಂದಿನ ಚಕ್ರಗಳನ್ನು ಹಿಡಿದಿರುವ ಆರ್ಮುಗಳು, ಸ್ಪ್ರಿಂಗು, ರಬ್ಬರ್ ಬುಷ್ಷು, ಬ್ರೇಕು ಎಲ್ಲವೂ ಹೊಸದು. ಭಾನುವಾರ ಬೆಳಿಗ್ಗೆ ಏಳೂವರೆಗೆ ಮೇಸ್ತ್ರಿ ಒಬ್ಬನೇ ಕಾರನ್ನು ಪರೀಕ್ಷೆಗೆ ಹೊರತೆಗೆದ. ಇಳಿಜಾರಿನಲ್ಲಿ ಎಡಚಕ್ರ ಒಳಕ್ಕೆ ಮಡಚಿಕೊಂಡಿತು, ಬ್ರೇಕು ಹಿಡಿಯಲಿಲ್ಲ, ಕಾರು ನೀರಿನ ತೊಟ್ಟಿಯ ಕಲ್ಲುಗೋಡೆಗೆ ಬಡಿಯಿತು. ಆಸ್ಪತ್ರೆ ತಲುಪುವ ಹೊತ್ತಿಗೆ ಮೇಸ್ತ್ರಿ ಇರಲಿಲ್ಲ. ಎಡಚಕ್ರದ ಬ್ರೇಕ್ ಪೈಪು ಎರಡು ತುಂಡಾಗಿದ್ದು ಪೊಲೀಸರ ಕಣ್ಣಿಗೆ ಬಿತ್ತು. ಹಿಂದಿನ ಮಧ್ಯಾಹ್ನ ಅಣ್ಣತಮ್ಮಂದಿರು ಬೀದಿ ಕೇಳುವಂತೆ ಜಗಳವಾಡಿದ್ದರು. ಅಷ್ಟು ಸಾಕಾಯಿತು.

"ಜಗಳ ಯಾತಕ್ಕಮ್ಮ?" ಎಂದ ಮುಳ್ಳಣ್ಣ.

"ಅವರ ಕಣ್ಣು ಮಂಜಾಗ್ತಿತ್ತು. ಸತ್ರೂ ಒಪ್ಕೊಳ್ತಿರ್ಲಿಲ್ಲ. 'ಇನ್ಮೇಲೆ ಬ್ರೇಕ್ ಕೆಲ್ಸಕ್ಕೆ ನಿನ್ನ ಕೈ ಬೇಡ ಅಣ್ಣ' ಅಂತ ಮೈದುನ ಬಾಯಿಬಿಟ್ಟು ಹೇಳ್ಬಿಟ್ಟ. ಆಗಿಂದ ಇಬ್ರೂ ಮಾತು ಬಿಟ್ರು. ಅವನನ್ನ ಒಂಬತ್ತನೇ ವರ್ಷದಿಂದ ಕೈತುತ್ತು ಹಾಕಿ ಬೆಳೆಸಿದೀನಿ. ಅವನು ಹಾಗೆ ಮಾಡೋನಲ್ಲ."

ಮೂವರೂ ಠಾಣೆಗೆ ನಡೆದರು. ಇನ್ಸ್‌ಪೆಕ್ಟರು ಕೆಟ್ಟವರಲ್ಲ, ಅವಸರದ ಮನುಷ್ಯ. ತುಂಡಾದ ಪೈಪನ್ನು ಮೇಜಿನ ಮೇಲಿಟ್ಟು, "ನೋಡಿ ಪತ್ತೇದಾರರೇ, ಕೊಯ್ದಿದ್ದಾನೆ. ತಾನೇ ಒಪ್ಪಿಕೊಂಡಿದ್ದಾನೆ ಬೇರೆ. ನಾಳೆ ಕೋರ್ಟಿಗೆ ಕಳಿಸ್ತೀನಿ" ಎಂದರು.

ಮುಳ್ಳಣ್ಣ ಪೈಪನ್ನು ತಾನು ಮುಟ್ಟದೆ ದರ್ಜಿಯ ಕಡೆ ತಳ್ಳಿದ. "ಇದು ನಿನ್ನ ಇಲಾಖೆ."

ರಬ್ಬರಿನ ಒಳಗೆ ನೇಯ್ದ ನೂಲಿನ ಪದರವಿತ್ತು. ದರ್ಜಿ ಬೆಳಕಿಗೆ ಹಿಡಿದು ನೋಡಿದ. "ಕೊಯ್ದ ದಾರದ ತುದಿ ಸಮ ಇರುತ್ತೆ ಸಾರ್. ಇಲ್ಲಿ ಒಂದೆಳೆ ಉದ್ದ, ಒಂದೆಳೆ ಗಿಡ್ಡ. ಇದು ಜಗ್ಗಿ ಹರಿದದ್ದು."

ಇನ್ಸ್‌ಪೆಕ್ಟರ ಹುಬ್ಬು ಗಂಟಿಕ್ಕಿತು. ಮುಳ್ಳಣ್ಣ ಮೇಜಿನ ಮೇಲಿದ್ದ ಇನ್ನೊಂದು ಪೊಟ್ಟಣ ಬಿಚ್ಚಿದ. ಇಳಿಜಾರಿನ ಮೇಲ್ತುದಿಯಲ್ಲಿ ಸಿಕ್ಕಿದ್ದ ಒಂದು ಉದ್ದ ಬೋಲ್ಟು, ಒಂದು ನಟ್ಟು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನಟ್ಟನ್ನು ಸುತ್ತಲೂ ತಿರುಗಿಸಿದ. ಹೊಚ್ಚಹೊಸದು, ಒಂದು ಗೆರೆಯಾಗಲಿ ಬಣ್ಣದ ಗುರುತಾಗಲಿ ಇರಲಿಲ್ಲ. ಕಾರಿನೊಳಗೆ ಸಿಕ್ಕ ಸಾಮಾನಿನ ಪಟ್ಟಿಯನ್ನು ದರ್ಜಿ ಓದಿದ: ಎರಡು ಸ್ಪ್ಯಾನರು, ಒಂದು ಟಾರ್ಚು, ಅರ್ಧ ಡಬ್ಬಿ ಬ್ರೇಕ್ ಆಯಿಲು, ಮೇಸ್ತ್ರಿಯ ಕನ್ನಡಕ. ಕನ್ನಡಕ ಅಂಗಿಯ ಜೇಬಿನಲ್ಲೇ ಇತ್ತಂತೆ.

ಲಾಕಪ್ಪಿನಲ್ಲಿ ತಮ್ಮ ಗೋಡೆಗೆ ಒರಗಿ ಕೂತಿದ್ದ. ನಲವತ್ತರ ಆಳು ಎರಡೇ ದಿನಕ್ಕೆ ಅರ್ಧವಾಗಿದ್ದ.

"ಭಾನುವಾರ ಸುದ್ದಿ ಕೇಳಿ ಗ್ಯಾರೇಜಿಗೆ ಓಡಿ ಹೋದ್ಯಲ್ಲ, ಅಲ್ಲಿ ಏನಾದ್ರೂ ಹುಡುಕಿದ್ಯಾ?" ಎಂದ ಮುಳ್ಳಣ್ಣ.

ತಮ್ಮ ತಟ್ಟನೆ ತಲೆಯೆತ್ತಿದ. ಬಾಯಿ ತೆರೆದವನು ಮುಳ್ಳಣ್ಣನ ಹಿಂದೆ ನಿಂತ ಅತ್ತಿಗೆಯನ್ನು ಕಂಡು ಮತ್ತೆ ಮುಚ್ಚಿಕೊಂಡ. "ಏನೂ ಇಲ್ಲ. ತಪ್ಪು ನಂದೇ. ಬರ್ಕೊಳ್ಳಿ."

ಗ್ಯಾರೇಜಿನಲ್ಲಿ ಹಲ್ಲಿನ ಡಾಕ್ಟರು ತಮ್ಮ ಜಜ್ಜಿಹೋದ ಕಾರಿನ ಪಕ್ಕದಲ್ಲಿ ಸುಮ್ಮನೆ ನಿಂತಿದ್ದರು. ಎರಡು ತಿಂಗಳು ದಿನವೂ ಬಂದು ಕೂತು, ಅಲ್ಲಿನ ಕೆಲಸವೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಮುಳ್ಳಣ್ಣ ಬಲಚಕ್ರದ ಕೆಳಗೆ ಟಾರ್ಚು ಬಿಟ್ಟ. ಪ್ರತಿ ನಟ್ಟಿನ ಮೇಲೂ ಒಂದೊಂದು ಹಳದಿ ಬಣ್ಣದ ಚುಕ್ಕೆ.

"ಅದು ಅವರ ಪದ್ಧತಿ" ಎಂದರು ಡಾಕ್ಟರು. "ಪೂರ್ತಿ ಬಿಗಿ ಮಾಡಿದ ಮೇಲೇ ಚುಕ್ಕೆ. ಬಲಗಡೆ ಅಣ್ಣಂದು, ಎಡಗಡೆ ತಮ್ಮಂದು. ಶನಿವಾರ ಸಂಜೆ ನಾನು ಒಂದು ಗಳಿಗೆ ಸೀಟಲ್ಲಿ ಕೂರೋಣ ಅಂತ ಆಸೆಪಟ್ಟೆ. ತಮ್ಮ ಬಿಡ್ಲಿಲ್ಲ. 'ಸ್ಟಿಯರಿಂಗಿಗೆ ಕೆಂಪು ಬಟ್ಟೆ ಕಟ್ಟಿದೀನಿ ಡಾಕ್ಟ್ರೇ, ನಾಳೆ ಬನ್ನಿ' ಅಂದ."

"ಕೆಂಪು ಬಟ್ಟೆ ಅಂದ್ರೆ?"

"ಕೆಲಸ ಬಾಕಿ ಇದೆ, ಗಾಡಿ ಅಲ್ಲಾಡಿಸಬೇಡಿ ಅಂತ. ಕಟ್ಟಿದವರೇ ಬಿಚ್ಚಬೇಕು. ಬಟ್ಟೆ ಇಲ್ಲ ಅಂದ್ರೆ ಕೆಲಸ ಮುಗೀತು ಅಂತ ಲೆಕ್ಕ; ಆಮೇಲೆ ಅಣ್ಣತಮ್ಮ ಒಬ್ಬರನ್ನೊಬ್ಬರು ಕೇಳಿದ್ದೇ ನಾನು ಕಂಡಿಲ್ಲ."

ಗ್ಯಾರೇಜಿನ ಹಿಂದೆಯೇ ಮನೆ. ಆಕೆ ಕುಡಿಯಲು ನೀರು ತಂದಳು. ಬೆಂಚಿನ ಮೇಲೆ ಒಗೆದು ಮಡಚಿಟ್ಟ ಒರೆಸುಬಟ್ಟೆಗಳ ಗಂಟಿತ್ತು. ಬಟ್ಟೆ ಕಂಡರೆ ದರ್ಜಿಯ ಕೈ ಸುಮ್ಮನಿರುವುದಿಲ್ಲ. ಹಳೆಯ ಪೈಜಾಮದ ಕಾಲು, ಹೊದಿಕೆಯ ತುಂಡು, ಗಂಟು ಹಾಕಿ ಹಾಕಿ ಎರಡು ತುದಿ ಮುದುಡಿದ ಒಂದು ಕೆಂಪು ದಪ್ಪಬಟ್ಟೆ, ಬನಿಯನ್ನಿನ ಚೂರುಗಳು. ಮೇಸ್ತ್ರಿಯ ಮನೆಯಲ್ಲಿ ಒರೆಸುಬಟ್ಟೆಗೂ ಮರ್ಯಾದೆಯಿದೆ ಎಂದುಕೊಂಡ.

"ಪ್ರತಿ ಶನಿವಾರ ಅವರೇ ಗಂಟು ಕಟ್ಟಿ ತರ್ತಿದ್ರು" ಎಂದಳು ಆಕೆ. "ಈ ಸಲ ಸಿಟ್ಟಲ್ಲಿ ಬರಿಗೈಲಿ ಬಂದ್ರು. ಕತ್ತಲಾಗೋ ಮುಂಚೆ ನಾನೇ ಹೋಗಿ ತಂದು ನೆನೆಹಾಕಿದೆ. ಸೋಮವಾರ ಚೊಕ್ಕಟ ಬಟ್ಟೆ ಕಂಡ್ರೆ ಇಬ್ರಿಗೂ ಸಮಾಧಾನ ಆಗುತ್ತೆ ಅಂತ. ಈಗ ಯಾರಿಗೆ ಹೇಳಿ?"

ಮುಳ್ಳಣ್ಣ ನೀರಿನ ಲೋಟವನ್ನು ಬಾಯಿಗೆ ಒಯ್ಯದೆ ಕೆಳಗಿಟ್ಟ. ಅಂಗಡಿಗೆ ಮರಳಿದ ಮೇಲೆ ದರ್ಜಿ ಕೇಳಿಯೇ ಕೇಳಿದ: "ಗೊತ್ತಾಯ್ತಾ?"

"ಆಯ್ತು. ಹೇಳಿದ್ರೂ ಪಾಪ, ಬಿಟ್ರೂ ಪಾಪ. ನಾಳೆ ಬೆಳಿಗ್ಗೆ ಎಲ್ಲರನ್ನೂ ಗ್ಯಾರೇಜಿಗೆ ಕರೆಸೋಣ."

ಮುಳ್ಳಣ್ಣನ ಬಾಯಿಂದ ಇಂಥ ಮಾತು ಬಂದದ್ದು ಅದೇ ಮೊದಲು. ಪ್ರತಿ ಸಲ ಗುಟ್ಟು ಒಡೆಯುವ ಹಿಂದಿನ ದಿನ ಅವನಿಗೆ ಮದುವೆಮನೆಯ ಉತ್ಸಾಹವಿರುತ್ತಿತ್ತು. ಈ ಸಲ ಅವನು ಒಂದೇ ಗಡಿಯಾರವನ್ನು ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದ.

ಮರುದಿನ ಎಲ್ಲರೂ ಸೇರಿದರು. ಕೈಕೋಳದ ತಮ್ಮನನ್ನು ಒಂದು ಪೀಪಾಯಿಯ ಮೇಲೆ ಕೂರಿಸಿದ್ದರು. ಅತ್ತಿಗೆ ಹಿಂಬಾಗಿಲಲ್ಲಿ ನಿಂತಿದ್ದಳು.

ಮುಳ್ಳಣ್ಣ ಶುರುಮಾಡಿದ. "ಮೊದಲನೇದು ಪೈಪು. ಯಾರೂ ಕೊಯ್ದಿಲ್ಲ. ಆರ್ಮಿನ ಬೋಲ್ಟು ಕಳಚಿತು, ಚಕ್ರ ಒಳಗೆ ಮಡಚಿಕೊಳ್ತು, ಪೈಪನ್ನ ಜಗ್ಗಿ ಹರೀತು, ಬ್ರೇಕ್ ಹೋಯ್ತು. ಎಲ್ಲಕ್ಕೂ ಮೂಲ ಆ ಬೋಲ್ಟು."

"ಅದನ್ನ ಸಡಿಲ ಮಾಡಿದ್ದು ಇವನೇ ಅಲ್ವೇ?" ಎಂದರು ಇನ್ಸ್‌ಪೆಕ್ಟರು.

"ಸಡಿಲ ಮಾಡಿಲ್ಲ ಸಾರ್, ಬಿಗಿ ಮಾಡಿರ್ಲಿಲ್ಲ. ಆ ನಟ್ಟಿಗೆ ಸ್ಪ್ಯಾನರು ಮುಟ್ಟಿದ ಗುರುತೇ ಇಲ್ಲ. ಆ ಬೋಲ್ಟು ಹಾದುಹೋಗೋದು ಆರ್ಮಿನ ಕೀಲಿಗೆ ಹಾಕಿರೋ ರಬ್ಬರ್ ಬುಷ್ಷಿನೊಳಗೆ. ಅದನ್ನ ಚಕ್ರ ಗಾಳೀಲಿ ನೇತಾಡ್ತಿರುವಾಗ ಬಿಗಿ ಮಾಡಿದ್ರೆ ತಿರುಚಿಕೊಂಡು ಬೇಗ ಹರಿಯುತ್ತೆ. ಅದಕ್ಕೆ ಬಲ್ಲವರು ನಟ್ಟನ್ನ ಬೆರಳಲ್ಲಿ ತಿರುಗಿಸಿಟ್ಟು, ಗಾಡೀನ ನೆಲಕ್ಕಿಳಿಸಿ, ತೂಕಕ್ಕೆ ಕೂರೋಕೆ ಬಿಟ್ಟು, ಆಮೇಲೆ ಬಿಗಿ ಮಾಡ್ತಾರೆ. ಶನಿವಾರ ಸಂಜೆ ತಮ್ಮ ಮಾಡಿದ್ದು ಅದೇ. ಭಾನುವಾರ ಬಂದು ಮುಗಿಸೋನಿದ್ದ."

"ಅಣ್ಣನನ್ನ ಕೊಲ್ಲೋಕೆ ಹಾಗೇ ಬಿಟ್ಟಿರಬಹುದಲ್ಲ?"

"ಕೊಲ್ಲೋನಾಗಿದ್ರೆ ಹಳದಿ ಚುಕ್ಕೆ ಇಟ್ಟು ಹೋಗ್ತಿದ್ದ. ಚುಕ್ಕೆ ಇಡ್ಲಿಲ್ಲ. ಅಣ್ಣನ ಕಣ್ಣಿಗೆ ಚುಕ್ಕೆ ಕಾಣಲ್ಲ ಅಂತ ಗೊತ್ತಿದ್ದೇ ದೊಡ್ಡ ಕೆಂಪು ಬಟ್ಟೇನ ಸ್ಟಿಯರಿಂಗಿಗೆ ಕಟ್ಟಿ ಹೋದ. ಅದಕ್ಕೆ ಡಾಕ್ಟರೇ ಸಾಕ್ಷಿ."

ಮುಳ್ಳಣ್ಣ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ. "ಭಾನುವಾರ ಬೆಳಿಗ್ಗೆ ಅಣ್ಣ ಬಂದಾಗ ಸ್ಟಿಯರಿಂಗಿನ ಮೇಲೆ ಬಟ್ಟೆ ಇರ್ಲಿಲ್ಲ. ತಮ್ಮ ಕೆಲಸ ಮುಗಿಸಿ ಬಿಚ್ಚಿದಾನೆ ಅಂದ್ಕೊಂಡ. ಬೇರೆ ದಿನ ಆಗಿದ್ರೆ ಇಬ್ರೂ ಜೊತೇಲಿ ಇರ್ತಿದ್ರು. ಅವತ್ತು ಕನ್ನಡಕಾನೂ ಹಾಕದೆ, ತನ್ನ ಕಣ್ಣು ನೆಟ್ಟಗಿದೆ ಅಂತ ತೋರಿಸೋಕೆ ಒಬ್ಬನೇ ಹೊರಟ. ಬಟ್ಟೆ ತೆಗೆದವರಿಗೆ ಅದರ ಅರ್ಥ ಗೊತ್ತಿರ್ಲಿಲ್ಲ. ಅವರು ಈ ಕೆಲಸದವರಲ್ಲ. ಅಲ್ಲಿ ಯಾವ ದುರುದ್ದೇಶಾನೂ ಇಲ್ಲ, ಅಪರಾಧಾನೂ ಇಲ್ಲ. ನನ್ನ ಮಾತು ಇಲ್ಲಿಗೆ ಮುಗೀತು, ಸಾರ್. ಇವನನ್ನ ಬಿಟ್ಬಿಡಿ."

"ಹಾಗಂದ್ರೆ ಹೇಗೆ? ತೆಗೆದವರು ಯಾರು? ಹೆಸರಿಲ್ಲದೆ ನಾನು ಕೇಸು ಮುಚ್ಚೋದು ಹೇಗೆ?"

ಎದುರಿಗೆ ಯಾರಿದ್ದರೂ ಕಣ್ಣಿಗೆ ಕಣ್ಣಿಟ್ಟು ಮಾತಾಡುವ ಮುಳ್ಳಣ್ಣ ನೆಲ ನೋಡುತ್ತ ನಿಂತದ್ದನ್ನು ದರ್ಜಿ ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ. ಆಗ ಅವನಿಗೆ ಬೆಂಚಿನ ಮೇಲಿನ ಗಂಟು, ಅದರೊಳಗಿನ ಕೆಂಪು ಬಟ್ಟೆ ನೆನಪಾದವು.

"ಕೆಂಪು ಬಟ್ಟೆನಾ?" ಹಿಂಬಾಗಿಲಿಂದ ದನಿ ಬಂತು. "ಸ್ಟಿಯರಿಂಗಿಗೆ ಕಟ್ಟಿದ್ದಾ? ಅದನ್ನ..."

"ಅತ್ತಿಗೆ, ಸುಮ್ನಿರಿ!" ತಮ್ಮ ಕೋಳದ ಕೈಯಲ್ಲೇ ಎದ್ದು ನಿಂತ. "ನಾನೇ ಬಿಚ್ಚಿದ್ದು. ಸಾರ್, ನಾನೇ. ಅವರ ಮಾತು ಕೇಳ್ಬೇಡಿ."

"ಅದನ್ನ ನಾನು ಒಗೆದೆ" ಎಂದಳು ಆಕೆ.

ಆಕೆ ಅಳಲಿಲ್ಲ. ತನ್ನ ಎರಡು ಅಂಗೈಗಳನ್ನು ನೋಡಿಕೊಂಡು ನಿಂತಳು. ಆಮೇಲೆ ಮೈದುನನ ಕಡೆ ತಿರುಗಿದಳು. "ನಿನಗೆ ಗೊತ್ತಿತ್ತಾ?"

"ಭಾನುವಾರ ನೀರಿನ ಬಕೆಟ್ಟಲ್ಲಿ ನೋಡಿದೆ."

"ಅದಕ್ಕೇ ಜೈಲಿಗೆ ಹೊರಟ್ಯಾ?"

ಅವನು ತಲೆ ತಗ್ಗಿಸಿದ. ಇನ್ಸ್‌ಪೆಕ್ಟರು ತಾವೇ ಮುಂದೆ ಬಂದು ಕೋಳ ಬಿಚ್ಚಿ, ಆಕಸ್ಮಿಕವೆಂದು ಬರೆಯುವುದಾಗಿ ಮುಳ್ಳಣ್ಣನಿಗೆ ತಗ್ಗಿದ ದನಿಯಲ್ಲಿ ಹೇಳಿ ಹೊರಟರು. ಡಾಕ್ಟರೂ ಹಿಂದೆಯೇ ಹೋದರು.

ದರ್ಜಿ ಮುಳ್ಳಣ್ಣನ ತೋಳು ಹಿಡಿದು ಬಾಗಿಲವರೆಗೆ ಕರೆತಂದ. "ನಿಂದೇನೂ ತಪ್ಪಿಲ್ಲ" ಎಂದ. ಅದು ಸುಳ್ಳೋ ನಿಜವೋ ಅವನಿಗೇ ಗೊತ್ತಿರಲಿಲ್ಲ. ಒಬ್ಬನನ್ನು ಬಿಡಿಸಲು ಬಂದವರು ಒಬ್ಬಳನ್ನು ಆಯುಷ್ಯಪೂರ್ತಿ ಕಟ್ಟಿಹಾಕಿ ಹೊರಟಿದ್ದರು. ಅವನಿಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತ.

ಒಳಗೆ ತಮ್ಮ ಅತ್ತಿಗೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದ. ಹತ್ತಿರ ಹೋಗಲು ಧೈರ್ಯವಿರಲಿಲ್ಲ. "ನಾನು ಅಣ್ಣನ ಹತ್ರ ಒಂದು ಮಾತಾಡಿದ್ರೆ ಸಾಕಿತ್ತು ಅತ್ತಿಗೆ" ಎಂದ.

"ನನ್ನ ಹತ್ರಾದ್ರೂ ಮಾತಾಡು" ಎಂದಳು ಆಕೆ. "ಸುಮ್ನೆ ಇರ್ಬೇಡ. ಈ ಮನೇಲಿ ಇನ್ಮೇಲೆ ಯಾರೂ ಸುಮ್ನೆ ಇರ್ಬಾರ್ದು. ಆ ಬಟ್ಟೆ ಯಾಕೆ ಕಟ್ತಿದ್ರಿ, ನಂಗೆ ಮೊದಲಿಂದ ಹೇಳು."

ಆಕೆ ನೆಲದ ಮೇಲೆ ಕೂತಳು. ಅವನೂ ಎದುರಿಗೆ ಕೂತು, ಬುಷ್ಷು ಎಂದರೇನು ಎಂಬಲ್ಲಿಂದ ಹೇಳತೊಡಗಿದ.